ಓದು ಬಾರದ ವರ್ಷ ‘ಎ’, ಓದು ಬಂದ ವರ್ಷ ‘ಬಿ’

ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವವರಿಗೆ ಎರಡೇ ಕೆಲಸ. ಒಂದು, ಬಸ್ಸು ಇನ್ನೂ ಬರಲಿಲ್ಲವೆಂದು ಬೈಯುವುದು. ಇನ್ನೊಂದು, ಪಕ್ಕದವರ ಮಾತಿಗೆ ಕಿವಿಗೊಡುವುದು. 2024ರ ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಈ ಎರಡು ಕೆಲಸವನ್ನೂ ಶ್ರದ್ಧೆಯಿಂದ ಮಾಡುತ್ತಾ ನಿಂತಿದ್ದೆ. ಆಗ ಕಂಡದ್ದನ್ನು ಈಗ ಹೇಳುತ್ತೇನೆ. ಮಕ್ಕಳನ್ನು ಶಾಲೆಗೆ ಕಳಿಸುವವರೆಲ್ಲಾ ಸ್ವಲ್ಪ ಕೇಳಬೇಕು.

ನಮ್ಮ ಬೀದಿಗೆ ಹೂವು ತರುವ ಹೆಂಗಸೊಬ್ಬರು ಅಲ್ಲಿ ಸಿಕ್ಕರು. ಜೊತೆಗೆ ಹತ್ತು ವರ್ಷದ ಮಗಳು. ಧರ್ಮಸ್ಥಳಕ್ಕೆ ಹರಕೆ ಇತ್ತಂತೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ಇಲ್ಲವಲ್ಲ, ಹೊರಟಿದ್ದರು. ಚೀಲದಲ್ಲಿ ಆಧಾರ್ ಕಾರ್ಡು. ಅದರ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಇನ್ನೊಂದು ಕಾಗದ. ಅದು ಮಗಳ ನಾಲ್ಕನೇ ಕ್ಲಾಸಿನ ಪ್ರಗತಿ ಪತ್ರ. ದೇವರ ಮುಂದೆ ಹಿಡಿದು ಕೈ ಮುಗಿಯಬೇಕಂತೆ. ನನಗೂ ತೋರಿಸಿದರು.

“ಕನ್ನಡದಲ್ಲಿ ಎ ಬಂದದೆ ಸಾರ್. ಎ ಅಂದ್ರೆ ಒಳ್ಳೇದು ತಾನೇ?”

“ಬಹಳ ಒಳ್ಳೇದಮ್ಮ” ಅಂದೆ.

ಅಷ್ಟರಲ್ಲಿ ಎರಡು ಬಸ್ಸು ಒಟ್ಟೊಟ್ಟಿಗೆ ಬಂದು ನಿಂತವು. ಜನ ನುಗ್ಗಿದರು. ಆ ತಾಯಿಗೆ ಓದು ಬರದು. ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದ ನಿಮ್ಮ ಈ ಪತ್ರಕರ್ತನಿಗೂ ಬೋರ್ಡು ಮಸುಕು ಮಸುಕು. “ನೋಡವ್ವ, ಬೋರ್ಡ್ ಓದು” ಅಂದರು ತಾಯಿ. ಮಗು ತಲೆ ಎತ್ತಿತು. “ಧ...” ಅಂದಿತು. ಅರ್ಕಾವೊತ್ತು ಕಂಡು ನಿಂತಿತು. “ಧ... ಮ... ಸ...” ಅಂತ ತಡವರಿಸಿತು. ಆಮೇಲೆ ಬೋರ್ಡು ಬಿಟ್ಟು ಅಮ್ಮನ ಮುಖ ನೋಡಿತು. ಕಂಡಕ್ಟರು ಸೀಟಿ ಊದಿದರು, ಬಸ್ಸು ಹೊರಟಿತು. “ಅದೇ ಕಣಮ್ಮ ಧರ್ಮಸ್ಥಳದ ಬಸ್ಸು” ಅಂತ ಕಡಲೆಕಾಯಿ ಮಾರುವ ಹುಡುಗ ಹೇಳುವ ಹೊತ್ತಿಗೆ ಅದು ಗೇಟು ದಾಟಿತ್ತು.

ಬಸ್ಸು ಹೋದರೆ ಹೋಗಲಿ, ಇನ್ನೊಂದು ಬರುತ್ತೆ. ಆದರೆ ಆ ತಾಯಿ ಪ್ಲಾಸ್ಟಿಕ್ ಕವರಿನಿಂದ ಕಾಗದವನ್ನು ಮತ್ತೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: “ಎ ಅಂತ ಬರ್ದವ್ರಲ್ಲಾ ಸಾರ್. ಅದು ಯಾವುದರ ಎ?”

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ.

‘ಎ’ ಬಂದದ್ದು ಹೇಗೆ?

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಆ ಶಾಲೆಗೆ ಹೋದೆ. ಶಾಲೆಯ ಹೆಸರು ಬೇಡ. ತಪ್ಪು ಆ ಒಂದು ಶಾಲೆಯದಲ್ಲ, ಅಲ್ಲಿನ ಮೇಡಂ ಪ್ರಾಮಾಣಿಕರು. ಮುಚ್ಚುಮರೆ ಇಲ್ಲದೆ ಹೇಳಿದರು: “ಹುಡುಗಿ ಒಂದು ದಿನವೂ ತಪ್ಪಿಸಿಲ್ಲ ಸಾರ್. ಪ್ರಾಜೆಕ್ಟ್ ಪುಸ್ತಕಕ್ಕೆ ಚಿತ್ರ ಅಂಟಿಸಿ ಚೆಂದ ಮಾಡಿಕೊಟ್ಟಿದ್ದಳು. ಪದ್ಯ ರಾಗವಾಗಿ ಹೇಳ್ತಾಳೆ. ಬೋರ್ಡಿನ ಮೇಲೆ ಬರೆದದ್ದನ್ನ ಮುತ್ತು ಪೋಣಿಸಿದ ಹಾಗೆ ನಕಲು ಮಾಡ್ತಾಳೆ. ಎಲ್ಲಾ ಕೂಡಿಸಿದಾಗ ಎ ಬಂತು.”

“ಓದು?”

“ಓದು ಸ್ವಲ್ಪ ಹಿಂದೆ.”

ಆ ‘ಸ್ವಲ್ಪ ಹಿಂದೆ’ ಎಂಬ ಮಾತು ಕಾಗದದ ಮೇಲೆ ಎಲ್ಲೂ ಇಲ್ಲ. ಚಿತ್ರ ಅಂಟಿಸಿದ್ದು, ಹಾಡಿದ್ದು, ತಪ್ಪದೆ ಬಂದದ್ದು, ಎಲ್ಲಾ ಒಂದೇ ಚೀಲಕ್ಕೆ ಬಿದ್ದು, ಮೇಲೆ ‘ಎ’ ಅನ್ನೋ ಚೀಟಿ ಅಂಟಿತು.

ತಮಾಷೆ ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಪತ್ರದಲ್ಲಿ ಗಣಿತಕ್ಕೆ ‘ಬಿ’ ಇತ್ತು. ಆ ಹುಡುಗಿ ಸಾಯಂಕಾಲ ಅಮ್ಮನ ಬುಟ್ಟಿಯ ಪಕ್ಕ ಕೂತು ಮಾಡುವ ಲೆಕ್ಕ ನಾನೇ ನೋಡಿದ್ದೇನೆ. ಮಾರಿಗೆ 60 ರೂಪಾಯಿ, ಎರಡೂವರೆ ಮಾರು ಹೂವು, ಕೈಗೆ ಇನ್ನೂರರ ನೋಟು. ಗಿರಾಕಿ ಬೆರಳು ಮಡಿಸುವಷ್ಟರಲ್ಲಿ ಐವತ್ತು ವಾಪಸು ಕೊಟ್ಟಿರುತ್ತಾಳೆ. ಹಾಗಾದರೆ ಬಿ ಯಾಕೆ? ಲೆಕ್ಕದ ನೋಟ್‌ಬುಕ್ಕು ಹೊತ್ತಿಗೆ ಸರಿಯಾಗಿ ಒಪ್ಪಿಸಿರಲಿಲ್ಲವಂತೆ!

ಬರುವುದು ಬರಲ್ಲ ಅಂತಲೂ, ಬಾರದ್ದು ಬರುತ್ತೆ ಅಂತಲೂ ಹೇಳುವ ಕಾಗದವನ್ನು ಆ ತಾಯಿ ದೇವರ ಮುಂದೆ ಹಿಡಿಯಲು ಹೊರಟಿದ್ದರು.

ಹಾರ್ನಿಗೆ 95, ಬ್ರೇಕಿಗೆ 20

ವ್ಯಾಪಾರ ಮಾಡುವ ಮಹನೀಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂತೇಪೇಟೆಯಲ್ಲಿ ಯಾರಾದರೂ ಅಕ್ಕಿ, ಬೆಲ್ಲ, ಒಣಮೆಣಸಿನಕಾಯಿ, ಸೋಪು ಎಲ್ಲಾ ಒಂದೇ ತಟ್ಟೆಗೆ ಸುರಿದು, “ಒಟ್ಟು ಹನ್ನೆರಡು ಕೆ.ಜಿ. ಆಯ್ತು, ತಗೊಳ್ಳಿ” ಅಂದರೆ ಗಿರಾಕಿ ಸುಮ್ಮನಿರುತ್ತಾನೆಯೇ? ಅಕ್ಕಿ ಎಷ್ಟು, ಬೆಲ್ಲ ಎಷ್ಟು ಅಂತ ಬೇರೆ ಬೇರೆ ಬರೆದ ಚೀಟಿ ಕೇಳುತ್ತಾನೆ. ಎರಡು ರೂಪಾಯಿ ಕೊತ್ತಂಬರಿ ಸೊಪ್ಪಿಗೆ ಕೇಳುವ ಲೆಕ್ಕವನ್ನು ಮಗುವಿನ ಒಂದು ವರ್ಷಕ್ಕೆ ನಾವು ಕೇಳುವುದಿಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ಉದಾಹರಣೆ. ಒಬ್ಬ ಡ್ರೈವರಿಗೆ ಹಾರ್ನ್ ಹೊಡೆಯುವುದರಲ್ಲಿ 95, ಖಾಕಿ ಶರ್ಟಿನ ಇಸ್ತ್ರಿಗೆ 90, ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬಂದದ್ದಕ್ಕೆ 95, ಬ್ರೇಕ್ ಹಾಕುವುದರಲ್ಲಿ 20 ಬಂತು ಅಂತ ಇಟ್ಟುಕೊಳ್ಳಿ. ಕೂಡಿದರೆ ಮುನ್ನೂರು. ನಾಲ್ಕರಿಂದ ಭಾಗಿಸಿದರೆ 75. ಭರ್ಜರಿ ಪಾಸು! ಆ ಬಸ್ಸಿನಲ್ಲಿ ಕೂತು ಶಿರಾಡಿ ಘಾಟಿ ಇಳಿಯುತ್ತೀರಾ? ಮುಂದಿನ ಸ್ಟಾಪಿನಲ್ಲೇ ಇಳಿಯುತ್ತೀರಿ. ಯಾಕೆಂದರೆ ಬ್ರೇಕು ಬರಬೇಕು ಅಂದರೆ ಬರಲೇಬೇಕು. ಹಾರ್ನು ಎಷ್ಟೇ ಚೆನ್ನಾಗಿ ಹೊಡೆದರೂ ಅದು ಬ್ರೇಕಿಗೆ ಸಮ ಆಗುವುದಿಲ್ಲ.

ಮಗುವಿಗೆ ಓದು ಅನ್ನುವುದು ಆ ಬ್ರೇಕಿನ ಹಾಗೆ. ಕಳೆಯುವುದು, ಭಾಗಿಸುವುದೂ ಹಾಗೆಯೇ. ಅವನ್ನು ಬೇರೆ ಬೇರೆಯಾಗಿ ನೋಡಬೇಕು, ಬೇರೆ ಬೇರೆಯಾಗಿ ಬರೆಯಬೇಕು, ಬರುವ ತನಕ ಕಲಿಸಬೇಕು. ಅಮೆರಿಕದ ಚಿಕಾಗೋದಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಪ್ರೊಫೆಸರು 1968ರಲ್ಲೇ ಇದನ್ನು ಬರೆದಿದ್ದಾರೆ. ಎಲ್ಲರಿಗೂ ಒಂದೇ ಸಮಯ ಕೊಟ್ಟು, ಕಲಿತದ್ದು ಹೆಚ್ಚುಕಡಿಮೆಯಾದರೆ ಮಾರ್ಕ್ಸು ಹಂಚಿ ಸುಮ್ಮನಾಗುವುದರ ಬದಲು, ಕಲಿಯಬೇಕಾದ್ದನ್ನು ಗಟ್ಟಿಯಾಗಿ ಇಟ್ಟುಕೊಂಡು ಸಮಯ ಹೆಚ್ಚುಕಡಿಮೆ ಮಾಡಿ ಎನ್ನುವುದು ಅವರ ವಾದದ ತಿರುಳು.

ಅಮೆರಿಕ ಯಾಕೆ, ಕೋಟೆಯೇ ಸಾಕು

ದೂರದ ಬೆಟ್ಟ ಯಾಕೆ ಸ್ವಾಮಿ, ನಮ್ಮ ಜಿಲ್ಲೆಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ, ಯುನಿಸೆಫ್ ನೆರವಿನಿಂದ, ‘ನಲಿ-ಕಲಿ’ ಶುರುವಾಯಿತು. ನಮ್ಮ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಪದ್ಧತಿ ನೋಡಿ ಬಂದು, ಇಲ್ಲಿಯ ಮಣ್ಣಿಗೆ ಒಗ್ಗುವಂತೆ ಮಾಡಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲಾ ಹೋಯಿತು.

ಅಲ್ಲಿ ಕನ್ನಡ ಶುರುವಾಗುವುದು ಅ ಆ ಇ ಈ ಇಂದ ಅಲ್ಲ. ರ ಗ ಸ ದ ಅ ಇಂದ. ಯಾಕೆ ಅಂದರೆ ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಅಂತ ಮಗು ಆಗಲೇ ಓದಿಬಿಡುತ್ತೆ. ಆಮೇಲೆ ಮುಂದಿನ ಮೆಟ್ಟಿಲು. ಕಲಿಯಬೇಕಾದ್ದನ್ನೆಲ್ಲಾ ಒಂದು ಏಣಿಯ ಹಾಗೆ ಜೋಡಿಸಿದ್ದಾರೆ. ಒಂದು ಮೆಟ್ಟಿಲು ಹತ್ತಿದವರು ಮುಂದಿನದಕ್ಕೆ ಹೋಗುತ್ತಾರೆ. ಹತ್ತದವರು ಅಲ್ಲೇ ಇನ್ನೆರಡು ದಿನ ಇದ್ದು ಕಲಿಯುತ್ತಾರೆ. ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತೆ. ಯಾವ ಮಗು ಎಲ್ಲಿದೆ ಅಂತ ಗೋಡೆಯ ಮೇಲಿನ ‘ಪ್ರಗತಿ ನೋಟ’ದಲ್ಲಿ ಗುರುತು ಇರುತ್ತೆ. ಅದರಲ್ಲಿ ಪಾಸು ಫೇಲು ಎಂಬ ಮಾತಿಲ್ಲ. ಯಾವ ಮೆಟ್ಟಿಲು ಅಂತ ಮಾತ್ರ.

ಇದರಲ್ಲೂ ಕೊರತೆಗಳಿವೆ. ಕಾರ್ಡು ಹರಿದಿರುತ್ತೆ, ಮೂರು ಕ್ಲಾಸಿಗೆ ಒಬ್ಬರೇ ಮೇಡಂ ಇರುತ್ತಾರೆ. ಆದರೂ ‘ಯಾವುದರ ಎ?’ ಅಂತ ಆ ತಾಯಿ ಕೇಳಿದ ಪ್ರಶ್ನೆಗೆ ಆ ಗೋಡೆಯಲ್ಲಿ ಉತ್ತರ ಇದೆ. ಒತ್ತಕ್ಷರ ಇನ್ನೂ ಬಂದಿಲ್ಲ ಅಂತ ಅದು ನೇರವಾಗಿ ಹೇಳುತ್ತೆ. ಆದರೆ ಮಗು ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಏಣಿ ತೆಗೆದು ತಕ್ಕಡಿ ಇಡುತ್ತಾರೆ.

ನಮ್ಮ ಹೂವಿನ ಹುಡುಗಿಗೆ ಆ ಏಣಿಯೂ ಸರಿಯಾಗಿ ಸಿಗಲಿಲ್ಲ. ಅವಳು ಒಂದನೇ ಕ್ಲಾಸಿಗೆ ಸೇರಬೇಕಾದ ವರ್ಷ 2020. ಕೊರೋನಾ ಬಂದು ಆ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೇ ಕ್ಲಾಸಿನವರಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಒಂದನೇ ಕ್ಲಾಸು ಪೂರ್ತಿ, ಎರಡನೇ ಕ್ಲಾಸು ಅರ್ಧ ಹೋಗಿತ್ತು. 2022-23ರಲ್ಲಿ ಸರ್ಕಾರ ‘ಕಲಿಕಾ ಚೇತರಿಕೆ’ ಅಂತ ಒಂದು ವರ್ಷ ನಡೆಸಿತು. ಒಳ್ಳೆಯ ಕೆಲಸ. ಆದರೆ ಯಾರು ಚೇತರಿಸಿಕೊಂಡರು, ಯಾರು ಇಲ್ಲ ಅಂತ ಮನೆಗೆ ಬಂದು ಹೇಳಬೇಕಾದ ಕಾಗದ ‘ಎ’ ಅಂದುಬಿಟ್ಟಿತು.

ಅಂಕಿಯ ಚೌಕಾಸಿ

ಕಾನೂನು ಹೀಗೆ ಮಾಡಿ ಅಂತ ಹೇಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ವರ್ಷಕ್ಕೊಂದು ಪರೀಕ್ಷೆಯ ಭಯ ಬೇಡ, ವರ್ಷವಿಡೀ ಮಗುವನ್ನು ಗಮನಿಸಿ ಅಂದಿತು. ಅದಕ್ಕೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ ಹೆಸರು. ಆ ಹೆಸರಿನಲ್ಲಿ ನಾಲ್ಕು ಎಫ್‌ಎ, ಎರಡು ಎಸ್‌ಎ ಬಂದವು. ಆಶಯ ಚೆನ್ನಾಗಿತ್ತು. ಆಚರಣೆಯಲ್ಲಿ ಏನಾಯಿತು? ಗಮನಿಸುವ ಕೆಲಸ ಹಿಂದೆ ಬಿತ್ತು, ಬರೆಯುವ ಕೆಲಸ ಮುಂದೆ ಬಂತು.

2017ರಲ್ಲಿ ಇನ್ನೊಂದು ಒಳ್ಳೆಯ ಕೆಲಸ ಆಯಿತು. ಯಾವ ಕ್ಲಾಸಿನಲ್ಲಿ ಯಾವ ವಿಷಯದಲ್ಲಿ ಮಗುವಿಗೆ ಏನೇನು ಬರಬೇಕು ಅನ್ನುವ ‘ಕಲಿಕಾ ಫಲ’ಗಳ ಪಟ್ಟಿಯನ್ನು ಎನ್‌ಸಿಇಆರ್‌ಟಿ ಮಾಡಿತು. ಕೇಂದ್ರ ಸರ್ಕಾರ ನಿಯಮಕ್ಕೂ ಸೇರಿಸಿತು. ಅಂದರೆ ಪಟ್ಟಿ ಇದೆ. ಮೇಷ್ಟ್ರ ಬೀರುವಿನಲ್ಲೂ ಇದೆ. ತಂದೆ ತಾಯಿಯ ಕೈಗೆ ಬರುವ ಕಾಗದದಲ್ಲಿ ಮಾತ್ರ ಇಲ್ಲ.

ನಮ್ಮ ಜಗಳವೆಲ್ಲಾ ಬೇರೆ ಕಡೆ. 5, 8, 9ನೇ ಕ್ಲಾಸಿಗೆ ಬೋರ್ಡ್ ಪರೀಕ್ಷೆ ಮಾಡಬೇಕೋ ಬೇಡವೋ ಅಂತ 2024ರ ಮಾರ್ಚಿನಲ್ಲಿ ಹೈಕೋರ್ಟಿನ ಒಂದು ಪೀಠ ಬೇಡ ಅಂದಿತು, ಇನ್ನೊಂದು ಪೀಠ ಆಗಲಿ ಅಂದಿತು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಟ್ಟಿತು. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಕ್ಯಾಮೆರಾ ಇಟ್ಟು ಕಾಪಿ ತಡೆದರು. ಫಲಿತಾಂಶ ನೆಲ ಕಚ್ಚುವಂತೆ ಕಂಡಾಗ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ ಬಂದದ್ದು ಶೇ. 73.40. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವರು ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದರು. ವಿಷಯವೊಂದಕ್ಕೆ ಕನಿಷ್ಠ 30, ಒಟ್ಟು 625ಕ್ಕೆ 206 ಬಂದರೆ ಸಾಕು.

33 ಸರಿಯೋ 35 ಸರಿಯೋ ಅಂತ ಚಹಾದಂಗಡಿಯಲ್ಲಿ ದೊಡ್ಡ ಚರ್ಚೆ. ನಾನು ಕೇಳುವುದು ಬೇರೆ. 35 ಬಂದವನಿಗೆ ಬಾರದ 65 ಯಾವುದು? ಬಡ್ಡಿ ಲೆಕ್ಕ ಬಾರದೋ, ಅರ್ಜಿ ಬರೆಯಲು ಬಾರದೋ? ಇಬ್ಬರು ಹುಡುಗರಿಗೆ ಗಣಿತದಲ್ಲಿ 40 ಬಂದಿರುತ್ತೆ. ಒಬ್ಬನಿಗೆ ಅಂಕಗಣಿತ ಗಟ್ಟಿ, ರೇಖಾಗಣಿತ ಸೊನ್ನೆ. ಇನ್ನೊಬ್ಬನಿಗೆ ಉಲ್ಟಾ. ಅಂಗಡಿಗೆ ಹುಡುಗ ಬೇಕಾದ ಯಜಮಾನರಿಗೆ ಆ ಮಾರ್ಕ್ಸ್ ಕಾರ್ಡಿನಿಂದ ಏನು ತಿಳಿಯಿತು?

ಒಂದು ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. 2023-24ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರು ಮಾಡಿದರು. ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಇಟ್ಟುಕೊಳ್ಳಬಹುದು. ಮೇ ತಿಂಗಳಲ್ಲಿ ಬಾರದ್ದು ಜುಲೈನಲ್ಲಿ ಬಂದರೆ ಅದೂ ಕಲಿತದ್ದೇ. ಹತ್ತನೇ ಕ್ಲಾಸಿನವರಿಗೆ ಸಿಕ್ಕ ಈ ನ್ಯಾಯ ನಾಲ್ಕನೇ ಕ್ಲಾಸಿನ ಮಗುವಿಗೆ ಯಾಕಿಲ್ಲ?

ಮೇಷ್ಟ್ರ ಮಾತೂ ಕೇಳಿ

ಈ ವಿಷಯ ಎತ್ತಿದಾಗ ಪರಿಚಯದ ಮೇಷ್ಟ್ರೊಬ್ಬರು ನನ್ನ ಮೇಲೇ ರೇಗಿದರು. “ನೀವು ಬರೆದು ಆರಾಮಾಗಿರ್ತೀರಿ. ಮೊಟ್ಟೆ ಲೆಕ್ಕ ನಾನೇ, ಹಾಲಿನ ಪುಡಿ ಲೆಕ್ಕ ನಾನೇ, ಓಟರ್ ಲಿಸ್ಟ್ ನಾನೇ, ಗಣತಿ ನಾನೇ. ಈಗ ಮಗುವಿಗೊಂದು ನಲವತ್ತು ಕಾಲಮ್ಮು ಅಂದ್ರೆ ಏನ್ ಮಾಡ್ತೀನಿ ಗೊತ್ತಾ? ಮಾರ್ಚ್ ತಿಂಗಳಲ್ಲಿ ಒಂದೇ ದಿನ ಕೂತು ಎಲ್ಲಾದಕ್ಕೂ ಟಿಕ್ ಹಾಕ್ತೀನಿ.”

ಮಾತು ನಿಜ. ನಲವತ್ತು ಕಾಲಮ್ಮಿನ ಸುಳ್ಳು ಟಿಕ್ಕಿಗಿಂತ ಒಂದು ಸುಳ್ಳು ಎ ವಾಸಿ, ಶಾಯಿಯಾದರೂ ಉಳಿಯುತ್ತೆ. ಆದ್ದರಿಂದ ನಲವತ್ತು ಬೇಡ. ವಿಷಯಕ್ಕೆ ಐದು ಸಾಲು ಸಾಕು. ಅದಕ್ಕೆ ಬದಲಾಗಿ ಈಗ ಬರೆಯುತ್ತಿರುವ ದಾಖಲೆಗಳಲ್ಲಿ ಅರ್ಧದಷ್ಟನ್ನು ಇಲಾಖೆ ಕೈಬಿಡಬೇಕು. ಹೊಸ ಭಾರ ಹೊರಿಸುವ ಮುಂಚೆ ಹಳೇ ಮೂಟೆ ಇಳಿಸಬೇಕು.

ಇನ್ನು ಕೆಲವರು, “ಮಾರ್ಕ್ಸ್ ಇಲ್ಲದಿದ್ರೆ ಸೀಟು ಹಂಚೋದು ಹೇಗೆ, ಯಾರು ಮುಂದೆ ಅಂತ ಗೊತ್ತಾಗೋದು ಹೇಗೆ?” ಅನ್ನುತ್ತಾರೆ. ಅದೂ ತಕ್ಕ ಪ್ರಶ್ನೆಯೇ. ಕಾಲೇಜಿನ ಸೀಟು ಹಂಚುವಾಗ ಸಾಲು ಬೇಕು, ಅಲ್ಲಿ ಅಂಕಿ ಇರಲಿ. ಆದರೆ ನಾಲ್ಕನೇ ಕ್ಲಾಸಿನಲ್ಲಿ ಯಾವ ಸೀಟು ಹಂಚುತ್ತಿದ್ದೇವೆ? ಅಲ್ಲಿ ಬೇಕಾಗಿರುವುದು ಯಾರು ಮುಂದೆ ಅಂತಲ್ಲ, ಈ ಮಗು ಎಲ್ಲಿ ನಿಂತಿದೆ ಅಂತ. ಬಾರದವರನ್ನು ಅದೇ ಕ್ಲಾಸಿನಲ್ಲಿ ಕೂರಿಸಿ ಅಂತಲೂ ನಾನು ಹೇಳುತ್ತಿಲ್ಲ. ಒತ್ತಕ್ಷರ ಬಾರದ ಮಗುವಿಗೆ ಒತ್ತಕ್ಷರ ಕಲಿಸಬೇಕು. ಅದಕ್ಕಾಗಿ ಬಂದಿರುವ ಲೆಕ್ಕ, ಚಿತ್ರ, ಹಾಡು ಎಲ್ಲವನ್ನೂ ಇನ್ನೊಂದು ವರ್ಷ ಮಾಡಿಸುವುದು ಶಿಕ್ಷೆಯೇ ಹೊರತು ಶಿಕ್ಷಣ ಅಲ್ಲ.

ಏನಾಗಬೇಕು?

ಜಿಲ್ಲೆಯ ಶಿಕ್ಷಣಾಧಿಕಾರಿಗಳು ಮನಸ್ಸು ಮಾಡಿದರೆ ಬೆಂಗಳೂರಿನ ಆದೇಶಕ್ಕೆ ಕಾಯದೆ ಒಂದು ಕೆಲಸ ಮಾಡಬಹುದು. ಈಗಿರುವ ಪ್ರಗತಿ ಪತ್ರದ ಹಿಂಬದಿ ಹೇಗೂ ಜಾಗ ಇರುತ್ತೆ. ಅಲ್ಲಿ ನಮ್ಮೂರಿನ ಕನ್ನಡದಲ್ಲಿ ಐದು ಸಾಲು ಬರೆಸಲಿ. ಒತ್ತಕ್ಷರ ಇರುವ ಪುಟವನ್ನು ತಡೆಯಿಲ್ಲದೆ ಓದುತ್ತಾಳಾ? ಓದಿದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಾಳಾ? ನೋಡದೆ ನಾಲ್ಕು ಸಾಲು ಬರೆಯುತ್ತಾಳಾ? ಸಾಲ ತೆಗೆದುಕೊಂಡು ಕಳೆಯುವ ಲೆಕ್ಕ ಬರುತ್ತಾ? ಭಾಗಾಕಾರ ಬರುತ್ತಾ? ಒಂದೊಂದಕ್ಕೂ ಮೂರೇ ಉತ್ತರ: ಬರುತ್ತೆ, ಸ್ವಲ್ಪ ಬರುತ್ತೆ, ಇನ್ನೂ ಬರಬೇಕು. ಹಾಜರಾತಿ, ನಡತೆ, ನೋಟ್‌ಬುಕ್ಕು ಒಪ್ಪಿಸಿದ್ದು ಇವೂ ಮುಖ್ಯವೇ. ಆದರೆ ಅವಕ್ಕೆ ಬೇರೆ ಮನೆ ಮಾಡಿ ಬರೆಯಲಿ, ಓದಿನ ಜೊತೆ ಕಲೆಸುವುದು ಬೇಡ. ಕೊನೆಯದಾಗಿ, ಜುಲೈನಲ್ಲಿ ‘ಇನ್ನೂ ಬರಬೇಕು’ ಅಂತಿದ್ದು ಜನವರಿಯಲ್ಲಿ ಬಂದರೆ, ಹಳೆಯದನ್ನು ಹೊಡೆದು ಹಾಕಿ ‘ಬರುತ್ತೆ’ ಅಂತ ಬರೆಯಲಿ. ಎರಡನ್ನೂ ಕೂಡಿಸಿ ಭಾಗಿಸುವುದು ಬೇಡ.

ಈ ಕೊನೆಯ ಮಾತು ಯಾಕೆ ಅಂದರೆ, ಆ ಹುಡುಗಿಯ ಕಥೆ ಇನ್ನೂ ಸ್ವಲ್ಪ ಇದೆ.

ನಾನು ಹೋಗಿ ಬಂದ ಮೇಲೆ ಆ ಮೇಡಂ ಸುಮ್ಮನೆ ಕೂರಲಿಲ್ಲ. ಒಂದು, ಎರಡನೇ ಕ್ಲಾಸಿನ ಬೀರುವಿನಿಂದ ಹಳೇ ನಲಿ-ಕಲಿ ಕಾರ್ಡುಗಳನ್ನು ತೆಗೆಸಿ, ದಿನಾ ಬಿಸಿಯೂಟ ಆದ ಮೇಲೆ ಕಾಲು ಗಂಟೆ ಅವಳನ್ನೂ ಅವಳಂಥ ಇನ್ನೂ ಆರು ಮಕ್ಕಳನ್ನೂ ಕೂರಿಸಿಕೊಂಡರು. ಮೊದಲು ಅಕ್ಕ, ಅಣ್ಣ, ಹಬ್ಬ. ಆಮೇಲೆ ಪುಸ್ತಕ, ರಸ್ತೆ. ಆಮೇಲೆ ಆ ಹಾಳು ಅರ್ಕಾವೊತ್ತು. ದೀಪಾವಳಿ ಹೊತ್ತಿಗೆ ಹುಡುಗಿ ಪಾಠ ಓದಿದಳು. ಸಂಕ್ರಾಂತಿ ಹೊತ್ತಿಗೆ ಅಮ್ಮನ ರೇಷನ್ ಕಾರ್ಡು, ಸಂಘದ ಸಾಲದ ಪುಸ್ತಕ, ಕಣ್ಣಿಗೆ ಬಿದ್ದದ್ದೆಲ್ಲಾ ಓದಿದಳು.

2025ರ ಏಪ್ರಿಲ್‌ನಲ್ಲಿ ಐದನೇ ಕ್ಲಾಸಿನ ಪ್ರಗತಿ ಪತ್ರ ಬಂತು. ವರ್ಷದ ಶುರುವಿನಲ್ಲಿ ಮೇಡಂ ಓದಿಸಿ ನೋಡಿ ನಿಜವಾದ ಅಂಕ ಹಾಕಿದ್ದರು, ಅದು ಕಮ್ಮಿ ಇತ್ತು. ಕೊನೆಯಲ್ಲಿ ಬಂದದ್ದು ಚೆನ್ನಾಗಿಯೇ ಇತ್ತು. ಎರಡನ್ನೂ ಕೂಡಿಸಿದ್ದಕ್ಕೆ ಕನ್ನಡದಲ್ಲಿ ‘ಬಿ’ ಬಂತು.

ತಾಯಿ ಆ ಕಾಗದ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. ಮುಖ ಸಪ್ಪಗಿತ್ತು. “ಹೋದ ವರ್ಷ ಎ ಇತ್ತು ಸಾರ್, ಈ ಸಲ ಬಿ ಆಗೋಯ್ತು. ಟೀವಿ ಜಾಸ್ತಿ ಆಗದೆ, ಬಯ್ದೆ.” ಪಕ್ಕದಲ್ಲಿ ನಿಂತ ಹುಡುಗಿ ತಲೆ ತಗ್ಗಿಸಿಕೊಂಡಿದ್ದಳು. ಓದು ಬಾರದ ವರ್ಷ ಆ ಕಾಗದಕ್ಕೆ ಧರ್ಮಸ್ಥಳದ ಯಾತ್ರೆ ಆಯಿತು. ಓದು ಬಂದ ವರ್ಷ ಅದೇ ಕಾಗದದಿಂದ ಮಗುವಿಗೆ ಬೈಗುಳ ಆಯಿತು.

ನಾನು ಹುಡುಗಿಯ ಕೈಗೆ ಅವತ್ತಿನ ಪತ್ರಿಕೆ ಕೊಟ್ಟು, “ಅಮ್ಮನಿಗೆ ಕೇಳೋ ಹಾಗೆ ಓದಮ್ಮ” ಅಂದೆ. ಓದಿದಳು. ತಾಯಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಈ ಸಲ ಪ್ಲಾಸ್ಟಿಕ್ ಕವರ್ ಹುಡುಕಲಿಲ್ಲ.

ಓದುಗರೇ, ಮುಂದಿನ ಸಲ ನಿಮ್ಮ ಮಗುವಿನ ಪ್ರಗತಿ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆಯುವ ಮುಂಚೆ ಶಾಲೆಯಲ್ಲಿ ಆ ತಾಯಿಯ ಪ್ರಶ್ನೆಯನ್ನೇ ಕೇಳಿ. ಜಗಳ ಆಡಬೇಡಿ, ಮರ್ಯಾದೆಯಿಂದಲೇ ಕೇಳಿ: “ಮೇಡಂ, ಇದು ಯಾವುದರ ಎ?” ಉತ್ತರ ಸಿಕ್ಕಿದರೆ ಸಹಿ ಹಾಕಿ. ಸಿಗದಿದ್ದರೆ ಮನೆಗೆ ಬಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಅಂಕಣವನ್ನೇ ಓದಿಸಿ ನೋಡಿ. ಇದರಲ್ಲಿ ಒತ್ತಕ್ಷರಕ್ಕೇನೂ ಕಮ್ಮಿ ಇಲ್ಲ.